ಅರ್ಧಕ್ಕೆ ಬಿಟ್ಟ ಅರ್ಜಿ

ಕಚೇರಿಯಲ್ಲಿ ಅವಳನ್ನು ಅಳತೆಯಮ್ಮ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಎಂದುಕೊಳ್ಳಬೇಡಿ, ಮುಖಕ್ಕೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಎರಡು ಬಟನ್‌ಗಳ ನಡುವೆ ಕೂದಲೆಳೆಯಷ್ಟು ಜಾಗ ಹೆಚ್ಚಾದರೂ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಉದ್ದನೆಯ ಮೇಜಿನ ಆ ತುದಿಯವರ ಸ್ಕ್ರೀನನ್ನು ಈ ತುದಿಯಿಂದಲೇ ನೋಡಿ, "ನಿಮ್ಮ ಬಲಗಡೆ ಅಂಚು ವಾಲಿದೆ" ಎನ್ನುವಳು. ಅಳೆದು ನೋಡಿದರೆ ವಾಲಿಯೇ ಇರುತ್ತಿತ್ತು. ಇಂಥ ಮನುಷ್ಯರ ಮೇಲೆ ಜೊತೆಗಾರರಿಗೆ ಪ್ರೀತಿಯೂ ಇರುತ್ತದೆ, ಊಟದ ಹೊತ್ತಿಗೆ ಬೇರೆ ಮೇಜು ಹುಡುಕಿಕೊಳ್ಳುವ ಆಸೆಯೂ ಇರುತ್ತದೆ.

ಅವಳ ಕೆಲಸ ಏನೆಂದು ಅವಳ ಅಮ್ಮನಿಗೆ ಕೊನೆಯವರೆಗೂ ಸರಿಯಾಗಿ ಅರ್ಥವಾಗಲಿಲ್ಲ. ನಿಮಗೆ ಹೇಳಿಬಿಡುತ್ತೇನೆ, ಕಷ್ಟವೇನಿಲ್ಲ. ಮೊದಲು ಸರ್ಕಾರದ ಒಂದೊಂದು ಇಲಾಖೆಯೂ ತನ್ನ ವೆಬ್‌ಸೈಟನ್ನು ತನಗೆ ತೋಚಿದಂತೆ ಕಟ್ಟಿಕೊಂಡಿತ್ತು. ಒಂದರಲ್ಲಿ ಬಟನ್ ಹಸಿರು, ಇನ್ನೊಂದರಲ್ಲಿ ಕೆಂಪು. ಒಂದು 'ಸಲ್ಲಿಸಿ' ಎಂದರೆ ಮತ್ತೊಂದು 'ಮುಂದೆ' ಎನ್ನುತ್ತಿತ್ತು, ಮೂರನೆಯದು ಏನೂ ಹೇಳದೆ ಸುಮ್ಮನೆ ಒಂದು ಬಾಣ ತೋರಿಸುತ್ತಿತ್ತು. ಜನ ಹೊಸ ಪುಟ ತೆರೆದಾಗಲೆಲ್ಲ ಹೊಸದಾಗಿ ಅಕ್ಷರ ಕಲಿತವರಂತೆ ತಡವರಿಸುತ್ತಿದ್ದರು. ಕೊನೆಗೆ ಮೇಲಿನವರಿಗೂ ಸಾಕಾಗಿ, ಎಲ್ಲ ಇಲಾಖೆಗಳಿಗೂ ಒಂದೇ ಡಿಸೈನ್ ಸಿಸ್ಟಮ್ ಎಂದು ಆಜ್ಞೆಯಾಯಿತು. ಕಚೇರಿಯವರು ಅದನ್ನು 'ಪೆಟ್ಟಿಗೆ' ಎನ್ನುತ್ತಿದ್ದರು. ಬಟನ್, ತಾರೀಖಿನ ಚೌಕ, ತಪ್ಪಾದಾಗ ಬರುವ ಕೆಂಪು ಅಕ್ಷರ, ಪುಟದ ತಲೆಭಾಗ, ಎಲ್ಲವೂ ಅದರಲ್ಲಿ ಸಿದ್ಧವಾಗಿರುತ್ತಿದ್ದವು. ಯಾವ ಇಲಾಖೆಯಾದರೂ ಆ ಪೆಟ್ಟಿಗೆಯಿಂದಲೇ ತೆಗೆದು ತನ್ನ ಪುಟ ಜೋಡಿಸಿಕೊಳ್ಳಬೇಕು. ಆ ಪೆಟ್ಟಿಗೆಯ ಕಾವಲು ಅಳತೆಯಮ್ಮನದು.

ಕಾವಲೆಂದರೆ ಅಂಥಿಂಥ ಕಾವಲಲ್ಲ. "ನಮ್ಮ ಇಲಾಖೆಗೆ ಮಾತ್ರ ಸ್ವಲ್ಪ ಬೇರೆ ಥರ ಮಾಡಿಕೊಡಿ" ಎಂದು ಬಂದವರನ್ನು ಅವಳು ಬಂದ ದಾರಿಯಲ್ಲೇ ಕಳುಹಿಸುತ್ತಿದ್ದಳು. ಒಬ್ಬರಿಗೆ ಬಿಟ್ಟುಕೊಟ್ಟರೆ ನಾಳೆ ಎಲ್ಲರೂ ಬಾಲ ಬಿಚ್ಚುತ್ತಾರೆ ಎಂಬುದು ಅವಳ ವಾದ, ಅದು ಸುಳ್ಳೂ ಅಲ್ಲ. ಹೊಸ ಭಾಗ ಯಾವುದೇ ಬರಲಿ, ಅದನ್ನು ಒಂದು ಖಾಲಿ ಪುಟದಲ್ಲಿ ಒಂಟಿಯಾಗಿ ನಿಲ್ಲಿಸಿ, ಒತ್ತಿ, ಎಳೆದು, ಕಣ್ಣು ಕಾಣದವರ ಓದುಯಂತ್ರದಿಂದ ಓದಿಸಿ, ನಡುಗುವ ಬೆರಳಿನಿಂದ ಮುಟ್ಟಿಸಿ ಪರೀಕ್ಷೆ ಮಾಡುತ್ತಿದ್ದರು. ಪಾಸಾದರೆ ಪೆಟ್ಟಿಗೆಗೆ. ಒಮ್ಮೆ ಪೆಟ್ಟಿಗೆ ಸೇರಿದ ಭಾಗವನ್ನು ಮತ್ತೆ ಅನುಮಾನಿಸುವ ಪದ್ಧತಿ ಅಲ್ಲಿರಲಿಲ್ಲ. ಅನುಮಾನಿಸುವುದಾದರೆ ಪೆಟ್ಟಿಗೆಯಾದರೂ ಯಾಕೆ ಬೇಕು ಎಂದು ಅವಳೇ ಎಲ್ಲರಿಗೂ ಹೇಳಿಕೊಟ್ಟಿದ್ದಳು.

ಅವಳು ತಾನೇ ಯೋಚಿಸಿ ಮಾಡಿದ ಭಾಗಗಳಲ್ಲಿ ಅವಳಿಗೆ ಪ್ರಾಣವಾದದ್ದು ನೆನಪಿನ ಪಟ್ಟಿ. ಜನ ಅರ್ಜಿಗಳನ್ನು ಅರ್ಧಕ್ಕೇ ಬಿಡುತ್ತಾರೆ. ಒಲೆಯ ಮೇಲೆ ಹಾಲು ಉಕ್ಕುತ್ತದೆ, ಮಗು ಅಳುತ್ತದೆ, ಕೇಳಿದ ದಾಖಲೆ ಬೀರುವಿನ ಯಾವ ಮೂಲೆಯಲ್ಲಿದೆಯೋ ತಿಳಿಯುವುದಿಲ್ಲ. ಮಾರನೆಯ ದಿನ ಕೂತರೆ ಮತ್ತೆ ಮೊದಲಿನಿಂದ ಶುರು, ಸರ್ಕಾರಕ್ಕೆ ಹಿಡಿಶಾಪ. ಅಳತೆಯಮ್ಮ ಇದಕ್ಕೊಂದು ದಾರಿ ಮಾಡಿದಳು. ಯಾವುದೇ ಅರ್ಜಿ ತುಂಬುತ್ತ ನಡುವೆ ಪುಟ ಮುಚ್ಚಿದರೆ ಫೋನು ಅದನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದೆ ಅದೇ ಫೋನಿನಲ್ಲಿ ಸರ್ಕಾರದ ಯಾವ ಪುಟ ತೆರೆದರೂ, ವಿದ್ಯುತ್ತಿನದಿರಲಿ, ರಸ್ತೆಯದಿರಲಿ, ತಲೆಭಾಗದಲ್ಲಿ ಒಂದು ಹಳದಿ ಪಟ್ಟಿ ಬರುತ್ತದೆ: 'ನೀವು ಅರ್ಧಕ್ಕೆ ಬಿಟ್ಟ ಅರ್ಜಿ ಇದೆ. ಮುಂದುವರಿಸಿ.' ಕೆಳಗೆ ಅದು ಯಾವ ಅರ್ಜಿ ಎಂಬ ಹೆಸರು. ಆ ಪಟ್ಟಿ ಬಂದ ಮೇಲೆ ಜನರ ದೂರುಗಳು ಗಣನೀಯವಾಗಿ ಇಳಿದವು. ಮುಖ್ಯಸ್ಥರು ಮೀಟಿಂಗಿನಲ್ಲಿ ಎದ್ದು ನಿಂತು ಹೊಗಳಿದರು. ಅವಳು ಅದೇನು ಮಹಾ ಎಂಬಂತೆ ಮುಖ ಮಾಡಿಕೊಂಡು ಕೂತಿದ್ದಳು, ಮನೆಗೆ ಹೋಗಿ ಅಮ್ಮನಿಗೆ ಮಾತ್ರ ಹೊಗಳಿಕೆಯ ಒಂದಕ್ಷರ ಬಿಡದೆ ಒಪ್ಪಿಸಿದಳು.

ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ ಮತ್ತು ಇವಳು. ಅಪ್ಪ ಇವಳು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದರು. ಅಣ್ಣ ಓದು ಬಿಟ್ಟು ಲಿಫ್ಟ್ ರಿಪೇರಿಗೆ ಸೇರಿ ತಂಗಿಯನ್ನು ಓದಿಸಿದ. ಪರೀಕ್ಷೆಗೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗಿ, ಗೇಟಿನ ಹೊರಗೆ ಬಿಸಿಲಲ್ಲಿ ನಿಂತು ಕಾಯುತ್ತಿದ್ದವನು ಅವನು. ಈಗ ದೊಡ್ಡ ದೊಡ್ಡ ಕಟ್ಟಡಗಳಿಗೆಲ್ಲ ಅವನೇ ಮೇಸ್ತ್ರಿ. ಲಿಫ್ಟಿನೊಳಗೆ ಜನ ಸಿಕ್ಕಿಹಾಕಿಕೊಂಡು ಕಿರುಚಾಡುವಾಗ ಬಾಗಿಲ ಸಂದಿಯಿಂದ ಅವನ ದನಿ ಹೋಗುತ್ತಿತ್ತು: "ಹೆದರಬೇಡಿ, ನಾನಿದ್ದೀನಿ." ಆ ದನಿಗೆ ಎಂಥವರೂ ಸುಮ್ಮನಾಗುತ್ತಿದ್ದರು. ಬೀದಿಯಲ್ಲಿ ಯಾರ ಮನೆಯಲ್ಲಿ ಏನಾದರೂ ಮೊದಲು ಓಡಿ ಬರುವವನು ಅವನೇ. ಅಂಥ ಮಗನನ್ನು ಹೆತ್ತ ಹೊಟ್ಟೆ ತಣ್ಣಗಿರಲಿ ಎಂದು ಬೀದಿಯ ಹೆಂಗಸರು ಅಮ್ಮನಿಗೆ ಹೇಳುತ್ತಿದ್ದರು.

ಆ ಮಗ ಹೆಂಡತಿಗೆ ಹೊಡೆಯುತ್ತಿದ್ದ. ಕುಡಿದಲ್ಲ, ಕೂಗಾಡಿಯೂ ಅಲ್ಲ. ಬಾಗಿಲು ಹಾಕಿಕೊಂಡು, ದನಿ ಏರಿಸದೆ, ಬಟ್ಟೆ ಮುಚ್ಚುವ ಜಾಗ ನೋಡಿಕೊಂಡು ಹೊಡೆಯುತ್ತಿದ್ದ. ಅಳತೆಯಮ್ಮನ ಕೋಣೆಗೂ ಅವರ ಕೋಣೆಗೂ ನಡುವಿನ ಗೋಡೆ ತೆಳ್ಳಗಿನದು. ಅವಳು ಒಮ್ಮೆ ಎದ್ದು ಹೊರಟಾಗ ಅಮ್ಮ ನಡುಮನೆಯಲ್ಲೇ ತಡೆದು, "ಗಂಡ ಹೆಂಡತಿ ವಿಷಯ. ನೀನು ಮೂಗು ತೂರಿಸಬೇಡ" ಎಂದಿದ್ದಳು. ಅಲ್ಲಿಂದ ಮುಂದೆ ಅವಳು ಹೊರಡಲಿಲ್ಲ. ಒಂದು ಅಂಚು ವಾಲಿದರೆ ಸಹಿಸದವಳು ಇದನ್ನು ಹೇಗೆ ಸಹಿಸಿಕೊಂಡಳು ಎಂದು ನೀವು ಕೇಳಬಹುದು. ಕೇಳಲೇಬೇಕು. ಬಿಸಿಲಲ್ಲಿ ಕಾಯುತ್ತ ನಿಂತ ಅಣ್ಣ ಅವಳ ಕಣ್ಣ ಮುಂದೆ ಬರುತ್ತಿದ್ದ, ಅವಳ ಬಾಯಿ ಕಟ್ಟುತ್ತಿತ್ತು. ಅದು ಕಾರಣವೇ ಹೊರತು ಸಮರ್ಥನೆಯಲ್ಲ. ಅತ್ತಿಗೆ ಮಾತ್ರ ಬೆಳಿಗ್ಗೆ ಎದ್ದು ಎಲ್ಲರ ಡಬ್ಬಿಗೂ ಊಟ ತುಂಬುತ್ತಿದ್ದಳು, ಹೊಡೆದವನ ಡಬ್ಬಿಗೂ, ಕೇಳಿಸಿಕೊಂಡು ಸುಮ್ಮನಿದ್ದವರ ಡಬ್ಬಿಗೂ.

ಹೀಗಿರುವಾಗ ಆಶ್ರಯ ವಿಭಾಗದ ಅಧಿಕಾರಿ ಪೆಟ್ಟಿಗೆಯ ಕಚೇರಿಗೆ ಬಂದರು. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರಿಗೆ ಗುಟ್ಟಾಗಿ ಇರಲು ಜಾಗ ಕೊಡುವ ವಿಭಾಗ ಅವರದು. ದಪ್ಪನೆಯ ಹೆಂಗಸು, ದನಿ ಮಾತ್ರ ಕೇಳಿಸಿಯೂ ಕೇಳಿಸದ ಹಾಗೆ. ಬಹುಶಃ ವರ್ಷಗಟ್ಟಲೆ ಪಿಸುಮಾತಿನಲ್ಲೇ ವ್ಯವಹರಿಸಿ ಹಾಗಾಗಿತ್ತು.

"ನಮ್ಮ ಅರ್ಜಿ ತುಂಬ್ತಿರೋವಾಗ ಯಾರಾದ್ರೂ ಹಿಂದಿನಿಂದ ಬಂದ್ರೆ, ಒಂದು ಸಲ ಒತ್ತಿದ್ರೆ ಪುಟ ಮಾಯ ಆಗ್ಬೇಕು," ಎಂದರು ಅವರು. "ಅಂಥದ್ದು ನಿಮ್ಮ ಪೆಟ್ಟಿಗೆಯಲ್ಲಿ ಇದೆಯಾ?"

"ಇಲ್ಲ. ಮಾಡ್ತೀನಿ," ಎಂದಳು ಅಳತೆಯಮ್ಮ.

ಅವಳು ಯಾರಿಗೂ ಇಷ್ಟು ಬೇಗ ಹೂಂ ಎಂದದ್ದನ್ನು ಜೊತೆಗಾರರು ಕಂಡಿರಲಿಲ್ಲ. ಕಾರಣ ಆ ತೆಳ್ಳಗಿನ ಗೋಡೆ, ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹೊಟ್ಟೆಯಲ್ಲಿ ಕೂತಿದ್ದ ನಾಚಿಕೆಯನ್ನೆಲ್ಲ ಆ ಒಂದು ಬಟನ್‌ಗೆ ಸುರಿದಳು. ಪುಟ ಎಷ್ಟೇ ಉದ್ದವಿರಲಿ, ಅದು ಹೆಬ್ಬೆರಳಿಗೆ ಎಟುಕುವಲ್ಲೇ ಅಂಟಿಕೊಂಡಿರಬೇಕು. ಒತ್ತಿದ ಕ್ಷಣಕ್ಕೆ ಹೊರಗಿನ ಯಾವುದೋ ಪತ್ರಿಕೆಯ ಹವಾಮಾನದ ಪುಟ ಬರಬೇಕು. ಹಿಂದಕ್ಕೆ ಹೋಗುವ ಬಾಣ ಒತ್ತಿದರೂ ಹಳೆಯ ಪುಟ ಸಿಗಬಾರದು. ಕಚೇರಿಯವರು ಅದಕ್ಕೆ 'ಓಡು ಬಟನ್' ಎಂದು ಹೆಸರಿಟ್ಟರು. ಪರೀಕ್ಷೆಗೆಂದು ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಸ್ಕ್ರೀನಿನಲ್ಲಿ ಏನು ಕಂಡಿತೆಂದು ಹೇಳಬೇಕಿತ್ತು. ಯಾರಿಗೂ ಬಿಸಿಲು, ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ. ಒಂದು ವಾರ ಕಚೇರಿಯಲ್ಲಿ ಅದೇ ಆಟ, ಅದೇ ನಗು. ಬಟನ್ ಪಾಸಾಗಿ ಪೆಟ್ಟಿಗೆ ಸೇರಿತು.

ಕೊನೆಯ ಮೀಟಿಂಗಿನಲ್ಲಿ ಅಧಿಕಾರಿ ಇನ್ನೊಂದು ಮಾತು ತೆಗೆದರು. "ನಮ್ಮ ಪುಟಗಳಿಗೆ ನೀವು ಎಲ್ಲರಿಗೂ ಕೊಡೋ ತಲೆಭಾಗ ಬೇಡಮ್ಮ. ಬೇರೆ ಇಲಾಖೆಗಳ ಜೊತೆ ಯಾವ ಸಂಬಂಧಾನೂ ಬೇಡ. ನಮ್ಮದು ನಮ್ಮ ಪಾಡಿಗೆ ಇದ್ದುಬಿಡಲಿ."

"ಯಾಕೆ ಮೇಡಂ?"

"ಏನೋ ಹೆದರಿಕೆ. ಏನು ಅಂತ ಬಿಡಿಸಿ ಹೇಳಕ್ಕೆ ಬರ್ತಿಲ್ಲ."

"ಹೆದರಿಕೆ ಅಂದ್ರೆ ನಾನು ನಿಯಮ ಬಿಡಕ್ಕಾಗಲ್ಲ. ಕಾರಣ ಕೊಡಿ, ಯೋಚನೆ ಮಾಡ್ತೀನಿ. ತಲೆಭಾಗ ಎಲ್ಲರಿಗೂ ಒಂದೇ."

ಅಧಿಕಾರಿಯ ಹತ್ತಿರ ಕಾರಣ ಇರಲಿಲ್ಲ. ಅವರು ಬೆರಳಿನಿಂದ ಮೇಜನ್ನು ಸ್ವಲ್ಪ ಹೊತ್ತು ಸವರಿ ಒಪ್ಪಿಕೊಂಡರು. ಅಲ್ಲಿ ಕೂತ ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆಯದ ವಿಷಯ ಇಷ್ಟೇ: ಓಡು ಬಟನ್ ಒತ್ತಿದರೆ ಪುಟ ಮುಚ್ಚುತ್ತದೆ, ಪುಟ ಮುಚ್ಚಿದರೆ ಅರ್ಜಿ ಅರ್ಧಕ್ಕೆ ನಿಲ್ಲುತ್ತದೆ, ಅರ್ಧಕ್ಕೆ ನಿಂತದ್ದನ್ನು ನೆನಪಿನ ಪಟ್ಟಿ ಮರೆಯುವುದಿಲ್ಲ. ಎರಡೂ ಒಳ್ಳೆಯ ಭಾಗಗಳು. ಎರಡೂ ಒಂಟಿಯಾಗಿ ನಿಂತು ಪಾಸಾಗಿದ್ದವು. ಬೆನ್ನ ಹಿಂದೆ ನಿಲ್ಲುವ ಗಂಡಸನ್ನು ಎಲ್ಲರೂ ಯೋಚಿಸಿದ್ದರು, ಮಾರನೆಯ ದಿನ ಅದೇ ಫೋನನ್ನು ಕೈಗೆತ್ತಿಕೊಳ್ಳುವ ಗಂಡಸನ್ನು ಯಾರೂ ಯೋಚಿಸಲಿಲ್ಲ.

ಪುಟ ಜನರ ಬಳಕೆಗೆ ತೆರೆದ ವಾರ, ಭಾನುವಾರ, ಅಳತೆಯಮ್ಮ ತಾರಸಿಗೆ ಹೋದಾಗ ಅತ್ತಿಗೆ ಬಟ್ಟೆ ಒಣಗಿಸುತ್ತಿದ್ದಳು. ಹಗ್ಗಕ್ಕೆ ಕೈ ಎತ್ತಿದಾಗ ರವಿಕೆಯ ತೋಳು ಜಾರಿತು. ಮೊಣಕೈಯಿಂದ ಕಂಕುಳವರೆಗೆ ಕಪ್ಪಗಾಗಿತ್ತು. ಅತ್ತಿಗೆ ಬೇಗ ತೋಳು ಎಳೆದುಕೊಂಡಳು. ಎಷ್ಟೋ ವರ್ಷ ಹೀಗೆ ಆದಾಗಲೆಲ್ಲ ಅಳತೆಯಮ್ಮ ಕಣ್ಣು ಬೇರೆಡೆ ತಿರುಗಿಸಿದ್ದಳು. ಅವತ್ತು ತಿರುಗಿಸಲಿಲ್ಲ.

"ಅತ್ತಿಗೆ, ಇದು ಹೀಗೇ ಎಷ್ಟು ದಿನ?"

"ನೀನೂ ಇದೇ ಮನೆಯಲ್ಲಿದ್ದೀಯಲ್ಲ ಪುಟ್ಟಿ, ನೀನೇ ಹೇಳು." ಚುಚ್ಚಿ ಹೇಳಿದ್ದಲ್ಲ, ಸುಮ್ಮನೆ ಹೇಳಿದ್ದು. ಚುಚ್ಚಿದ್ದಕ್ಕಿಂತ ಅದು ಹೆಚ್ಚು ನಾಟಿತು.

"ಸರ್ಕಾರದ್ದೊಂದು ಜಾಗ ಇದೆ. ಎಲ್ಲಿದೆ ಅಂತ ಯಾರಿಗೂ ಹೇಳಲ್ಲ. ಫೋನಲ್ಲೇ ಅರ್ಜಿ ಹಾಕಬಹುದು. ಅವರೇ ಗಾಡಿ ತಂದು ಕರ್ಕೊಂಡು ಹೋಗ್ತಾರೆ."

ಅತ್ತಿಗೆ ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು. "ಅವರಿಗೆ ಗೊತ್ತಾದ್ರೆ?"

"ಗೊತ್ತಾಗಲ್ಲ. ಯಾರಾದ್ರೂ ಬಂದ್ರೆ ಒತ್ತಕ್ಕೆ ಒಂದು ಬಟನ್ ಇದೆ. ಅದನ್ನ ಮಾಡಿದ್ದೇ ನಾನು."

"ನೀನಾ?" ಅತ್ತಿಗೆ ಅವಳನ್ನು ಮೊದಲ ಸಲ ಕಂಡವಳಂತೆ ನೋಡಿದಳು. "ನಂಗೋಸ್ಕರ ಮಾಡಿದ್ಯಾ?"

ಅಳತೆಯಮ್ಮ ಹೂಂ ಎಂದಳು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಸಂಜೆ ನನ್ನ ಫೋನಿನಲ್ಲೇ ತುಂಬೋಣ ಎನ್ನಬಹುದಿತ್ತು. ಕೈ ಹಿಡಿದು ಆ ಅಧಿಕಾರಿಯ ಕೋಣೆಗೇ ಕರೆದುಕೊಂಡು ಹೋಗಬಹುದಿತ್ತು. ಆದರೆ ಹಾಗೆ ಮಾಡಿದರೆ ಅಮ್ಮನ ಮುಂದೆ, ಅಣ್ಣನ ಮುಂದೆ ಅವಳೇ ನಿಂತು ಉತ್ತರ ಕೊಡಬೇಕಾಗುತ್ತಿತ್ತು. ಪುಟವೇ ಎಲ್ಲ ಮಾಡುತ್ತದಲ್ಲ, ತಾನು ಎದುರು ಬೀಳುವ ಅಗತ್ಯವೇ ಇಲ್ಲವಲ್ಲ ಎಂದು ಅವಳ ಮನಸ್ಸು ಹಗುರಾಯಿತು.

ಆ ವಾರ ಒಂದು ಮಧ್ಯಾಹ್ನ ಅತ್ತಿಗೆ ಅರ್ಜಿ ತುಂಬಲು ಕೂತಳು. ನಡುವೆ ಅಮ್ಮ ನೀರು ಕೇಳುತ್ತ ಒಳಗೆ ಬಂದಾಗ ಬಟನ್ ಒತ್ತಿಬಿಟ್ಟಳು. ಸಂಜೆ ಅಡುಗೆಮನೆಯಲ್ಲಿ ನಾದಿನಿಯ ಕಿವಿಯ ಹತ್ತಿರ ಬಾಗಿ, "ಅತ್ತೆ ಬಗ್ಗಿ ನೋಡಿದ್ರು. ನಾಳೆ ಮೋಡ ಅಂತೆ, ಬಟ್ಟೆ ಒಗೀಬೇಡ ಅಂದ್ರು" ಎಂದು ಹೇಳಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆ ನಗು ಅಳತೆಯಮ್ಮ ಕೇಳಿ ಎಷ್ಟು ಕಾಲವಾಗಿತ್ತೋ. ಉಳಿದ ಪ್ರಶ್ನೆಗಳನ್ನು ಅಮ್ಮ ವೈದ್ಯರ ಹತ್ತಿರ ಹೋಗುವ ದಿನ ತುಂಬುವುದೆಂದು ಇಬ್ಬರೂ ಮಾತಾಡಿಕೊಂಡರು. ಅವತ್ತು ಅಳತೆಯಮ್ಮ ಹೊಟ್ಟೆ ತುಂಬ ಉಂಡಳು.

ಅಮ್ಮ ವೈದ್ಯರ ಹತ್ತಿರ ಹೋಗುವ ದಿನ ಬರಲೇ ಇಲ್ಲ. ಅದಕ್ಕೆ ಮೊದಲೇ ಬೀದಿಯ ನಲ್ಲಿಗಳಲ್ಲಿ ನೀರು ನಿಂತಿತು. ಎಂದಿನಂತೆ ಬೀದಿಯವರೆಲ್ಲ ಅಣ್ಣನ ಹತ್ತಿರ ಬಂದರು, ಎಂದಿನಂತೆ ಅವನು ನಾನಿದ್ದೀನಿ ಎಂದ. ಮನೆಯ ನೀರಿನ ಸಂಪರ್ಕ ಅತ್ತಿಗೆಯ ನಂಬರಿಗೆ ಜೋಡಣೆಯಾಗಿತ್ತು, ಅಂಥ ಚಿಲ್ಲರೆ ಸಂದೇಶಗಳು ತನ್ನ ಫೋನಿಗೆ ಬರುವುದು ಬೇಡವೆಂದು ಅವನೇ ಹಾಗೆ ಮಾಡಿಸಿದ್ದ. ದೂರು ಕೊಡಲು ಅತ್ತಿಗೆಯ ಫೋನನ್ನು ಕಿಟಕಿಯ ಮೇಲಿನಿಂದ ತೆಗೆದುಕೊಂಡ.

ಅಮ್ಮನ ಕರೆ ಬಂದಾಗ ಅಳತೆಯಮ್ಮ ಮೀಟಿಂಗಿನಲ್ಲಿದ್ದಳು. "ಅತ್ತಿಗೆ ಬಚ್ಚಲಲ್ಲಿ ಜಾರಿ ಬಿದ್ದಳು. ಆಸ್ಪತ್ರೆಗೆ ಬಾ." ಅಮ್ಮನ ದನಿ ಬಾಯಿಪಾಠ ಒಪ್ಪಿಸುವಂತಿತ್ತು. ಅಷ್ಟಕ್ಕೇ ಅವಳಿಗೆ ಗೊತ್ತಾಯಿತು.

ಕೊರಳ ಕೆಳಗಿನ ಮೂಳೆ ಮುರಿದಿತ್ತು, ತಲೆಗೆ ಹೊಲಿಗೆ ಬಿದ್ದಿತ್ತು, ಎಡಗಿವಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆ ಕಿವಿ ಇನ್ನು ಕೇಳಿಸಲಿಕ್ಕಿಲ್ಲ ಎಂದರು ವೈದ್ಯರು. ಹೊರಗಿನ ಬೆಂಚಿನ ಮೇಲೆ ಅಣ್ಣ ತಲೆ ತಗ್ಗಿಸಿ ಕೂತಿದ್ದ. ಬೀದಿಯವರು ಅವನ ಬೆನ್ನು ಸವರಿ ಸಮಾಧಾನ ಹೇಳುತ್ತಿದ್ದರು. ಅವರು ಹೋದ ಮೇಲೆ ಅವನು ತಂಗಿಯನ್ನು ಪಕ್ಕಕ್ಕೆ ಕರೆದ. ಕಣ್ಣುಗಳು ನಿಜವಾಗಿಯೂ ಅತ್ತು ಕೆಂಪಾಗಿದ್ದವು.

"ನಾನು ಹುಡುಕಿಲ್ಲ ಪುಟ್ಟಿ," ಎಂದ. "ನೀರಿನ ದೂರು ಕೊಡೋಣ ಅಂತ ತೆಗೆದೆ. ಮೇಲುಗಡೆ ಹಳದಿ ಪಟ್ಟಿ. ಅರ್ಧಕ್ಕೆ ಬಿಟ್ಟ ಅರ್ಜಿ ಇದೆ, ಮನೆಯ ಹಿಂಸೆಯಿಂದ ರಕ್ಷಣೆ, ಮುಂದುವರಿಸಿ ಅಂತ. ಒತ್ತಿದೆ. ಒಳಗೆ ಯಾರಿಗೆ ಹೆದರ್ತೀರಿ ಅನ್ನೋ ಕಡೆ ನನ್ನ ಹೆಸರು ಬರೆದಿದ್ಲು." ಕಣ್ಣು ಒರೆಸಿಕೊಂಡು, "ಆ ಪಟ್ಟಿ ನೀನೇ ಅಲ್ವಾ ಮಾಡಿದ್ದು? ಅಮ್ಮ ಹೇಳ್ತಿದ್ಲು" ಎಂದ.

ಅವನು ವ್ಯಂಗ್ಯಕ್ಕೆ ಹೇಳಿದನೋ, ಹೆಮ್ಮೆಯಿಂದಲೇ ಹೇಳಿದನೋ, ಇವತ್ತಿಗೂ ಅವಳಿಗೆ ತಿಳಿದಿಲ್ಲ. ಅವಳು ಗೋಡೆಗೆ ಒರಗಿದಳು. ನೀರು ಕೊಡಲೇನೆಂದು ಅವನೇ ಕೇಳಿದ.

ಪೊಲೀಸಿನವನೊಬ್ಬ ವಿಚಾರಿಸಲು ಅತ್ತಿಗೆಯ ಮಂಚದ ಬಳಿಗೆ ಬಂದ. ಅಮ್ಮ ಬಚ್ಚಲು, ಸೋಪು, ಪಾಚಿ ಎಂದು ಶುರುಮಾಡಿದಳು. ಅಳತೆಯಮ್ಮ ನಡುವೆ ಬಾಯಿ ಹಾಕಿ, "ಜಾರಿ ಬಿದ್ದಿದ್ದಲ್ಲ. ನಮ್ಮಣ್ಣ ಹೊಡೆದಿದ್ದು" ಎಂದಳು. ಹುಟ್ಟಿದ ಮೇಲೆ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಅಮ್ಮ ಅವಳ ಕೈ ಜಗ್ಗಿದಳು.

"ನೀವು ನೋಡಿದ್ರಾ?"

"ಇಲ್ಲ. ಆಫೀಸಲ್ಲಿದ್ದೆ."

ಪೊಲೀಸಿನವನು ಮಂಚದ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದ. ಅತ್ತಿಗೆ ಬಾಗಿಲ ಆಚೆ ಕಾಣುತ್ತಿದ್ದ ಗಂಡನ ಚಪ್ಪಲಿಯನ್ನು ನೋಡುತ್ತ, "ಜಾರಿದೆ" ಎಂದಳು. ಅವನು ಹಾಗೆಯೇ ಬರೆದುಕೊಂಡು ಹೋದ.

ಅಲ್ಲಿಂದ ಅಳತೆಯಮ್ಮ ನೇರವಾಗಿ ಕಚೇರಿಗೆ ಹೋಗಿ ನೆನಪಿನ ಪಟ್ಟಿಯನ್ನು ಎಲ್ಲ ಇಲಾಖೆಗಳ ತಲೆಭಾಗದಿಂದಲೂ ಕಿತ್ತುಹಾಕಿದಳು. ಒಪ್ಪಿಗೆ ಇಲ್ಲ, ಪರೀಕ್ಷೆ ಇಲ್ಲ, ಯಾರಿಗೂ ಒಂದು ಮಾತಿಲ್ಲ. ಅವಳೇ ಕಟ್ಟಿದ ನಿಯಮಗಳನ್ನೆಲ್ಲ ಒಂದೇ ಏಟಿಗೆ ಮುರಿದಳು. ಮುಖ್ಯಸ್ಥರು ಓಡಿಬಂದು, "ಏನ್ರೀ ಇದು, ಜನ ಮೆಚ್ಚಿದ್ದು" ಎಂದು ಕೂಗಾಡಿದರು. ಅವಳು ಕಾರಣ ಹೇಳಿದಳು. ಯಾರ ಮನೆಯಲ್ಲಿ ಎಂಬುದನ್ನೂ ಹೇಳಿದಳು. ಅವರು ಕೂಗಾಟ ನಿಲ್ಲಿಸಿ ಎದುರಿನ ಕುರ್ಚಿ ಎಳೆದು ಕೂತರು. ಬೆಕ್ಕಿನ ಹೆಜ್ಜೆಯ ಆಟ ಆಡಿದವರೆಲ್ಲ ತಮ್ಮ ತಮ್ಮ ಸ್ಕ್ರೀನಿನೊಳಗೆ ಮುಖ ಹುದುಗಿಸಿದರು.

ಆಶ್ರಯದ ಅಧಿಕಾರಿ ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಮ್ಮಲ್ಲಿ ಅರ್ಧಕ್ಕೆ ನಿಂತ ಅರ್ಜಿಗಳು ತುಂಬಾ ಇವೆ," ಎಂದರು. "ಮನಸ್ಸು ಬದಲಾಯಿಸಿರಬೇಕು ಅಂದ್ಕೊಂಡಿದ್ವಿ. ಎಷ್ಟೋ ಜನ ಬದಲಾಯಿಸ್ತಾರೆ."

"ಅವರನ್ನೆಲ್ಲ ವಿಚಾರಿಸಬಹುದಾ ಮೇಡಂ?"

"ಹೇಗಮ್ಮ? ಫೋನ್ ಮಾಡಿದ್ರೆ ಯಾರು ಎತ್ತುತ್ತಾರೆ ಅಂತ ನಂಗೇನು ಗೊತ್ತು?"

ಆ ಹೆಂಗಸರು ಎಷ್ಟು ಜನ, ಯಾವ ಬೀದಿಯವರು, ಈಗ ಹೇಗಿದ್ದಾರೆ ಎಂಬುದನ್ನು ತಿಳಿಯುವ ದಾರಿ ಇವತ್ತಿಗೂ ಇಲ್ಲ. ಅಳತೆಯಮ್ಮ ಅನ್ನ ಬಿಟ್ಟಳು, ಮತ್ತೆ ಹಿಡಿದಳು. ಮನುಷ್ಯರು ಹಿಡಿಯಲೇಬೇಕಾಗುತ್ತದೆ. ಆಸ್ಪತ್ರೆಗೆ ಮಾತ್ರ ತಪ್ಪದೆ ಹೋಗಿ ಅತ್ತಿಗೆಗೆ ತಲೆ ಬಾಚಿ, ಗಂಜಿ ಕುಡಿಸಿ ಬರುತ್ತಿದ್ದಳು. ಅಮ್ಮ ಮಗಳೊಂದಿಗೆ ಮಾತು ಬಿಟ್ಟಿದ್ದಳು. ಅತ್ತಿಗೆ ಬಿಟ್ಟಿರಲಿಲ್ಲ, ಆದರೆ ಬೇಕಾದಷ್ಟೇ ಆಡುತ್ತಿದ್ದಳು: ಸಾಕು, ಬಿಸಿ ಇದೆ, ದಿಂಬು ಎತ್ತು.

ಆಸ್ಪತ್ರೆಯಿಂದ ಬಿಡುವ ದಿನ ಅಳತೆಯಮ್ಮ ಈ ಸಲ ಯಾವ ಪುಟವನ್ನೂ ನಂಬಲಿಲ್ಲ. ಅಧಿಕಾರಿಯನ್ನೇ ಕರೆದುಕೊಂಡು ಬಂದಳು. ಹಿಂದಿನ ಗೇಟಿನಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಹೆಸರಿಲ್ಲದ ಬಿಳಿ ಕಾರು ನಿಂತಿತ್ತು. ಅಣ್ಣ ಮತ್ತು ಅಮ್ಮ ಕೆಳಗಿನ ಕೌಂಟರಿನಲ್ಲಿದ್ದರು. ಇದ್ದದ್ದು ಅಷ್ಟೇ ಸಮಯ. ಅವಳು ಮಂಚದ ಎಡಕ್ಕೆ ಬಗ್ಗಿ ಮಾತು ಶುರುಮಾಡಿ, ಆ ಕಿವಿ ಇಲ್ಲವೆಂಬುದು ನೆನಪಾಗಿ ಸುತ್ತಿ ಬಂದು ಬಲಕ್ಕೆ ಬಗ್ಗಿದಳು.

"ಅತ್ತಿಗೆ, ಗಾಡಿ ನಿಂತಿದೆ. ನಾನೂ ಬರ್ತೀನಿ. ಏಳಿ."

ಅತ್ತಿಗೆ ಅಧಿಕಾರಿಯನ್ನು ನೋಡಿದಳು. "ಇವರೇ ಬರಬೇಕು ಅನ್ನಬೇಕಮ್ಮ," ಎಂದರು ಅಧಿಕಾರಿ ತಮ್ಮ ಸಣ್ಣ ದನಿಯಲ್ಲಿ. "ನಾವು ಎಳ್ಕೊಂಡು ಹೋಗಲ್ಲ."

ಅತ್ತಿಗೆ ಕಾಲು ಕೆಳಗೆ ಬಿಟ್ಟಳು. ಚಪ್ಪಲಿಗೆ ಪಾದ ತೂರಿಸಿದಳು. ಆಮೇಲೆ ನಾದಿನಿಯ ಮುಖ ನೋಡಿ ಕೇಳಿದಳು.

"ಆ ಮನೆ ಎಲ್ಲಿದೆ ಅನ್ನೋದು ನಿಮ್ಮ ಕಂಪ್ಯೂಟರ್‌ನಲ್ಲಿ ಇರುತ್ತಾ?"

ಇಲ್ಲ ಎನ್ನಬಹುದಿತ್ತು. ಎರಡಕ್ಷರ. ಆಶ್ರಯ ವಿಭಾಗದ ವಿಳಾಸಗಳನ್ನು ಬೇರೆಯೇ ಕಂಪ್ಯೂಟರಿನಲ್ಲಿ, ಬೀಗದೊಳಗೆ ಬೀಗ ಹಾಕಿ ಇಟ್ಟಿರುತ್ತಾರೆ. ಯಾರಿಗೂ ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಗೊತ್ತಿರುವುದು ಎಂದರೆ ಏನು ಎಂಬುದನ್ನು ಅವಳು ಈಚೆಗೆ ಕಲಿತಿದ್ದಳು. ಅಧಿಕಾರಿ ಅವಳನ್ನೇ ನೋಡುತ್ತಿದ್ದರು.

"ಇರುತ್ತೆ," ಎಂದಳು.

"ಹಾಗಾದ್ರೆ ಬೇಡ," ಎಂದಳು ಅತ್ತಿಗೆ.

ಅಳತೆಯಮ್ಮ ಕಾಲು ಹಿಡಿದಳು. ಅಧಿಕಾರಿ ಗೋಡೆಗಳ ಬಗ್ಗೆ, ಕಾವಲಿನ ಬಗ್ಗೆ, ಇಷ್ಟು ವರ್ಷ ಅಲ್ಲಿಗೆ ಯಾವ ಗಂಡನೂ ಬಂದಿಲ್ಲ ಎಂಬುದರ ಬಗ್ಗೆ ಹೇಳಿದರು. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡು ತಲೆ ಅಲ್ಲಾಡಿಸಿದಳು. "ಅಲ್ಲಿಗೆ ಬಂದ್ರೆ ಸಾಯಿಸ್ತಾರೆ. ಮನೆಯಲ್ಲಾದ್ರೆ ಹೊಡೀತಾರೆ" ಎಂದಳು. ಲೆಕ್ಕ ಹಾಕಿ ಮುಗಿಸಿದವಳ ದನಿ ಅದು.

ಅಣ್ಣ ಮೇಲೆ ಬಂದು ಹೆಂಡತಿಯ ಗಂಟನ್ನು ತಾನೇ ಎತ್ತಿಕೊಂಡ. ಮೆಟ್ಟಿಲಿಳಿಯುವಾಗ ಅವಳ ಮುರಿದ ಮೂಳೆಗೆ ತಾಗದಂತೆ ಸೊಂಟಕ್ಕೆ ಕೈ ಕೊಟ್ಟು ಇಳಿಸಿದ. ದಾದಿಯೊಬ್ಬಳು ಇಂಥ ಗಂಡ ಸಿಗಬೇಕು ಎಂದಳು. ಮುಂದಿನ ಗೇಟಿನಲ್ಲಿ ಬಾಡಿಗೆ ಕಾರಿತ್ತು. ಅಮ್ಮ ಡ್ರೈವರಿನ ಪಕ್ಕ ಹತ್ತಿ ನೇರ ಎದುರಿಗೆ ನೋಡುತ್ತ ಕೂತಳು. ಹಿಂದಿನ ಸೀಟಿನಲ್ಲಿ ಅತ್ತಿಗೆ, ಅವಳ ಪಕ್ಕ ಅಣ್ಣ. ಅಳತೆಯಮ್ಮ ಹೊರಗೇ ನಿಂತಿದ್ದಳು. ಅವಳಿಗೆ ಬಾಡಿಗೆ ಕೋಣೆ ಹಿಡಿಯುವಷ್ಟು ಸಂಬಳವಿತ್ತು. ಆ ಮನೆಗೆ ಹೋಗಲೇಬೇಕೆಂದು ಇನ್ನು ಯಾರೂ ಅವಳನ್ನು ಕಟ್ಟಿಹಾಕಿರಲಿಲ್ಲ.

"ಬಾ ಪುಟ್ಟಿ, ಜಾಗ ಇದೆ," ಎಂದ ಅಣ್ಣ ಹೆಂಡತಿಯ ಕಡೆ ಸರಿಯುತ್ತ.

ಅವನು ಬಿಟ್ಟ ಜಾಗದಲ್ಲಿ ಅವಳು ಕೂರಲಿಲ್ಲ. ಬಾಗಿಲು ಹಿಡಿದು, "ನೀನು ಇಳಿ. ನಾನು ನಡುವೆ ಕೂತ್ಕೋತೀನಿ" ಎಂದಳು. ಅಣ್ಣ ಅವಳ ಮುಖವನ್ನು ಒಂದು ಗಳಿಗೆ ನೋಡಿದ. ಗೇಟಿನ ಹತ್ತಿರ ಜನವಿದ್ದರು. ಅವನು ಇಳಿದ, ಅವಳು ಹತ್ತಿ ಅತ್ತಿಗೆಯ ಪಕ್ಕಕ್ಕೆ ಸರಿದು ಕೂತಳು, ಅವನು ಈಚೆ ತುದಿಗೆ ಮತ್ತೆ ಹತ್ತಿದ, ಕಾರು ಮನೆಯ ಕಡೆ ಹೊರಟಿತು.